ಹಾರೋಕೆ ಬೇಜಾರಾದ ಹಕ್ಕಿಗಳು, ಮತ್ತೆ ನಮ್ಮ ಪಕ್ಕದ ಮನೆ ಅಜ್ಜಿ

ಜನವರಿಯ ಒಂದು ಭಾನುವಾರ ಹದಿನಾರು ಕೆರೆಗೆ ಹೋಗಿದ್ದೆ. ಹದಿನಾರು ಅಂದರೆ ಇಲ್ಲಿ ಲೆಕ್ಕವಲ್ಲ, ಊರಿನ ಹೆಸರು. ನಂಜನಗೂಡು ತಾಲ್ಲೂಕಿನಲ್ಲಿದೆ. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹೊರಟು, ಹಿಮಾಲಯ ದಾಟಿ, ಇಷ್ಟು ದೊಡ್ಡ ದೇಶದ ಉದ್ದಕ್ಕೂ ಹಾರಿ ಬಂದು, ಕೊನೆಗೆ ನಮ್ಮ ಗದ್ದೆ ಬದುವಿನಲ್ಲಿ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಮೇಯುತ್ತಾ ನಿಂತಿರುತ್ತವೆ. ಮಂಗೋಲಿಯಾದಲ್ಲಿ ಕುತ್ತಿಗೆಗೆ ನಂಬರ್ ಪಟ್ಟಿ ಹಾಕಿ ಬಿಟ್ಟ ಬಾತುಗಳನ್ನೂ ಇಲ್ಲಿ ಹಕ್ಕಿ ನೋಡುವವರು ಕಂಡಿದ್ದಾರೆ.

ವಾಪಸ್ ಬರುವಾಗ ಒಂದು ಕೆಂಬೂತ ರಸ್ತೆ ದಾಟಿತು. ಹಾರಿ ಅಲ್ಲ, ನಡೆದು. ಸ್ಕೂಟರ್ ಹತ್ತಿರ ಬಂದರೂ ರೆಕ್ಕೆ ಬಿಚ್ಚಬೇಕು ಅಂತ ಅದಕ್ಕೆ ಅನ್ನಿಸಲೇ ಇಲ್ಲ. ನಾನೇ ಬ್ರೇಕ್ ಹಾಕಿದೆ. ಅದು ಆಚೆ ಬದಿಯ ಕಬ್ಬಿನೊಳಗೆ ನುಗ್ಗಿ, ಅಲ್ಲಿಂದ ಊಪ್ ಊಪ್ ಅಂತ ಕೂಗಿಕೊಂಡಿತು.

ಒಂದು ಹಿಮಾಲಯ ದಾಟುತ್ತದೆ, ಇನ್ನೊಂದಕ್ಕೆ ತಾರು ರಸ್ತೆ ದಾಟೋಕೂ ರೆಕ್ಕೆ ಬೇಡ. ಈ ಎರಡರಲ್ಲಿ ಹೊಸ ಜಾತಿಗಳು ಹುಟ್ಟೋದು ಯಾರ ಮನೆಯಲ್ಲಿ ಜಾಸ್ತಿ? ಲೋಕ ಸುತ್ತುವವರ ಮನೆಯಲ್ಲಿ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಹೊಸ ಜಾಗ, ಹೊಸ ಹವೆ, ಹೊಸ ಊಟ, ಹಾಗಾಗಿ ಹೊಸ ಹಕ್ಕಿ. ಆದರೆ ಸಾಮಾನ್ಯವಾಗಿ ಆಗುವುದು ಪೂರ್ತಿ ಉಲ್ಟಾ. ಅಷ್ಟು ದೂರ ಹಾರುವ ಪಟ್ಟೆತಲೆ ಬಾತು ಎಲ್ಲಿ ಹೋದರೂ ಅದೇ ಪಟ್ಟೆತಲೆ ಬಾತು, ಒಂದೇ ಜಾತಿ. ಮನೆ ಬಿಟ್ಟು ಹೊರಡದ ಹಕ್ಕಿಯೇ ಬೆಟ್ಟಕ್ಕೊಂದು ಜಾತಿಯಾಗಿ ಕೂತಿರುತ್ತದೆ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ದಕ್ಷಿಣ ಅಮೆರಿಕದ್ದು. ಆಂಡಿಸ್ ಬೆಟ್ಟಗಳಲ್ಲಿ ಟಪಾಕುಲೊ ಅನ್ನುವ ಹಕ್ಕಿಗಳಿವೆ. ಆ ಸ್ಪ್ಯಾನಿಷ್ ಹೆಸರಿಗೆ 'ಹಿಂಭಾಗ ಮುಚ್ಕೋ' ಅಂತ ಅರ್ಥವಂತೆ, ಬಾಲವನ್ನು ಸದಾ ಮೇಲೆತ್ತಿಕೊಂಡು ಓಡಾಡುವುದಕ್ಕೆ ಇಟ್ಟದ್ದು. ನಮ್ಮ ಹಳ್ಳಿ ಕಡೆ ಅಡ್ಡಹೆಸರು ಇಡುವವರೇ ಅಲ್ಲಿಗೂ ಹೋಗಿದ್ದರೇನೋ. ಅದರಲ್ಲಿ ಸ್ಕೈಟಲೋಪಸ್ ಅನ್ನುವ ಒಂದು ಕುಲವಿದೆ. ಗುಬ್ಬಚ್ಚಿಗಿಂತ ಸಣ್ಣವು, ಬೂದಿ ಬಣ್ಣ ಇಲ್ಲವೇ ಕಪ್ಪು, ಗಿಡ್ಡ ದುಂಡು ರೆಕ್ಕೆ, ಗಟ್ಟಿ ಕಾಲು. ಮಂಜು ತುಂಬಿದ ಕಾಡಿನಲ್ಲಿ ಬಿದಿರಿನ ಬುಡ, ಪಾಚಿ ಹಿಡಿದ ಬೇರುಗಳ ಸಂದಿಯಲ್ಲಿ ಇಲಿಯ ಹಾಗೆ ಓಡುತ್ತವೆ. ನೋಡಲು ಹೋದವರಿಗೆ ದನಿ ಕೇಳುತ್ತದೆ, ಹಕ್ಕಿ ಕಾಣುವುದಿಲ್ಲ. ಎರಡು ಮಾರು ದೂರದಲ್ಲಿ ಕೂಗುತ್ತಿದ್ದರೂ ಕಾಣುವುದಿಲ್ಲ.

ನಾಟಿ ಕೋಳಿ ಸಾರು ಮುದ್ದೆ ಉಂಡವರಿಗೆ ಕೋಳಿಯ ಎದೆ ಮೇಲ್ಭಾಗದ ವಿ ಆಕಾರದ ಮೂಳೆ ಗೊತ್ತಿರುತ್ತದೆ. ಹಾರುವ ಹಕ್ಕಿಗಳಲ್ಲಿ ಎರಡೂ ಕಡೆಯ ಎಲುಬು ಕೂಡಿಕೊಂಡು ಹಾಗಾಗುತ್ತದೆ. ರೆಕ್ಕೆ ಬಡಿಯುವಾಗ ಅದು ಸ್ಪ್ರಿಂಗಿನ ಹಾಗೆ ಕೆಲಸ ಮಾಡುತ್ತದೆ. ಈ ಹಕ್ಕಿಗಳಲ್ಲಿ ಆ ಎರಡು ಎಲುಬು ಕೂಡಿಕೊಳ್ಳುವುದೇ ಇಲ್ಲ. ಹಾರಲು ಬರುವುದಿಲ್ಲ ಅಂತಲ್ಲ, ಒಂದು ಪೊದೆಯಿಂದ ಇನ್ನೊಂದಕ್ಕೆ ಪುರ್ರನೆ ಹಾರೀತು. ಆದರೆ ಒಂದು ಕಣಿವೆ ದಾಟು ಅಂದರೆ ಆಗದ ಮಾತು.

ಒಂದು ಕಾಲಕ್ಕೆ ಈ ಕುಲದಲ್ಲಿ ಹತ್ತು ಹನ್ನೆರಡು ಜಾತಿ ಇವೆ ಅಂದುಕೊಂಡಿದ್ದರು. ಮ್ಯೂಸಿಯಂ ಡ್ರಾಯರುಗಳಲ್ಲಿ ಸಾಲಾಗಿ ಮಲಗಿಸಿದ ಬೂದು ಹಕ್ಕಿಗಳು, ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ತಿಳಿಯದು. ಆಮೇಲೆ ಜನ ಟೇಪ್ ರೆಕಾರ್ಡರ್ ಹಿಡಿದು ಬೆಟ್ಟ ಹತ್ತಿದರು. ಈ ಬೆಟ್ಟದ ಹಕ್ಕಿ ಕಪ್ಪೆಯ ಹಾಗೆ ಒಂದೇ ಸಮ ವಟಗುಟ್ಟಿದರೆ, ಆ ಬೆಟ್ಟದ್ದು ನಿಂತು ನಿಂತು ಕೂಗುತ್ತದೆ. ಬಣ್ಣ ಅದೇ, ಹಾಡು ಬೇರೆ. ರಕ್ತ ಪರೀಕ್ಷೆ ಮಾಡಿದರೆ ವಂಶವೂ ಬೇರೆ. ಈಗ ಲೆಕ್ಕ 40 ದಾಟಿದೆ. 2020ರಲ್ಲಿ ಪೆರು ದೇಶ ಒಂದರಿಂದಲೇ ಮೂರು ಹೊಸ ಜಾತಿಗಳನ್ನು ಒಟ್ಟಿಗೆ ಹೆಸರಿಸಿದರು.

ಇಲ್ಲಿ ಒಂದು ಸೂಕ್ಷ್ಮ ಇದೆ. ಮಡಿವಾಳ ಹಕ್ಕಿ, ಪಿಕಳಾರ ಇಂಥವು ಹಾಡನ್ನು ದೊಡ್ಡವರಿಂದ ಕೇಳಿ ಕಲಿಯುತ್ತವೆ. ಟಪಾಕುಲೊ ಬಳಗದ ಹಕ್ಕಿಗಳು ಹಾಗಲ್ಲ. ಅವು ಹುಟ್ಟುವಾಗಲೇ ಹಾಡು ತಂದಿರುತ್ತವೆ. ಹಾಗಾಗಿ ಹಾಡು ಬದಲಾಗಿದೆ ಅಂದರೆ ಮೈಯೊಳಗಿನ ಏನೋ ಬದಲಾಗಿದೆ ಅಂತಲೇ ಬಹುಮಟ್ಟಿಗೆ ತಿಳಿಯಬಹುದು. ಹೆಣ್ಣು ಹಕ್ಕಿಗೂ ಗೊತ್ತಾಗುವುದು ಅದೇ. ಬೇರೆ ಹಾಡಿನವನ ಕಡೆ ತಿರುಗಿಯೂ ನೋಡುವುದಿಲ್ಲ.

ಈ ಕಥೆಯನ್ನೆಲ್ಲ ಪಕ್ಕದ ಮನೆ ಅಜ್ಜಿಗೆ ಹೇಳುತ್ತಿದ್ದೆ. ಅವರು ಕಟ್ಟೆ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮಾಗಿ ಕಾಲದಲ್ಲಿ ಮೈಸೂರಿನಲ್ಲಿ ಯಾರ ಹತ್ತಿರ ಏನು ಮಾತಾಡಬೇಕಾದರೂ ಎದುರಿಗೆ ಒಂದು ಮೊರ ಅವರೆಕಾಯಿ ಇರಲೇಬೇಕು. ಅಜ್ಜಿ ಬೆಟ್ಟದಪುರದ ಕಡೆಯ ಸಂಕೇತಿಯವರು. ನಾನು ಜೀನು, ವಂಶವಾಹಿ ಅಂತೆಲ್ಲ ತಡವರಿಸುತ್ತಿರುವಾಗ ಕೈ ನಿಲ್ಲಿಸದೆ ಅಂದರು:

"ಅದಕ್ಯಾಕೋ ಅಷ್ಟು ಸುತ್ತಿ ಬಳಸಿ ಹೇಳ್ತೀಯ? ಕೊಟ್ಟು ತರೋದು ನಿಂತುಹೋಯ್ತು ಅನ್ನು."

ನಾನು ಓದಿದ ಅಷ್ಟೂ ಪುಟಗಳಲ್ಲಿ ಇಷ್ಟು ಸರಿಯಾದ ಮಾತು ಸಿಕ್ಕಿರಲಿಲ್ಲ. ಎರಡು ಊರಿನ ನಡುವೆ ಹೆಣ್ಣು ಕೊಟ್ಟು ತರುವ ಸಂಬಂಧ ಇರುವವರೆಗೆ ಈ ಊರಿನ ಮೂಗು ಆ ಊರಿಗೆ ಹೋಗುತ್ತದೆ, ಆ ಊರಿನ ಕಿವಿ ಈ ಊರಿಗೆ ಬರುತ್ತದೆ. ಎಲ್ಲರೂ ಒಂದೇ ಥರ ಇರುತ್ತಾರೆ. ಹಕ್ಕಿಗಳಲ್ಲೂ ಅಷ್ಟೇ. ಪ್ರತಿ ತಲೆಮಾರಿನಲ್ಲಿ ನಾಲ್ಕಾರು ಮರಿ ಆಚೆ ಬೆಟ್ಟಕ್ಕೆ ಹಾರಿ ಹೋಗಿ ಅಲ್ಲಿ ಜೋಡಿಯಾದರೂ ಸಾಕು, ಎರಡು ಬೆಟ್ಟಗಳೂ ಹೆಚ್ಚುಕಡಿಮೆ ಒಂದೇ ಮನೆಯಾಗಿ ಉಳಿಯುತ್ತವೆ. ಅದು ನಿಂತ ದಿನದಿಂದ ಎರಡೂ ಕಡೆ ಬೇರೆ ಬೇರೆ ಖಾತೆ ಶುರು. ಇಲ್ಲೊಂದು ಸಣ್ಣ ಬದಲಾವಣೆ ಹುಟ್ಟಿದರೆ ಅದು ಇಲ್ಲೇ ಉಳಿಯುತ್ತದೆ, ಅಲ್ಲಿ ಹುಟ್ಟಿದ್ದು ಅಲ್ಲೇ. ಕೆಲವು ಬದಲಾವಣೆಗಳಿಂದ ಬದುಕಲು ಅನುಕೂಲವಾಗುತ್ತದೆ, ಅವು ಹರಡುತ್ತವೆ. ಕೆಲವು ಸುಮ್ನೆ ಅದೃಷ್ಟದಿಂದ ಉಳಿಯುತ್ತವೆ. ಇರುವುದೇ ಕೆಲವು ಸಾವಿರ ಹಕ್ಕಿ ಅಂದಾಗ ಅದೃಷ್ಟದ ಆಟ ಜಾಸ್ತಿ. ಲಕ್ಷಾಂತರ ವರ್ಷ ಹೀಗೆ ಕಳೆದ ಮೇಲೆ ಎದುರೆದುರು ಬಂದರೂ ಇವರು ನಮ್ಮವರು ಅಂತ ಗುರುತು ಸಿಗುವುದಿಲ್ಲ.

ಹಾಗಾದರೆ ಕೆಂಬೂತ ಯಾಕೆ ಮಂಡ್ಯಕ್ಕೊಂದು, ಮೈಸೂರಿಗೊಂದು ಜಾತಿಯಾಗಿಲ್ಲ? ಅದೂ ಸೋಮಾರಿಯೇ ಅಲ್ವಾ? ಈ ಪ್ರಶ್ನೆ ನನ್ನನ್ನು ಒಂದು ವಾರ ಕಾಡಿತು. ಉತ್ತರ ಸುಲಭ. ಶ್ರೀರಂಗಪಟ್ಟಣದಿಂದ ಮದ್ದೂರಿನವರೆಗೆ ಕಬ್ಬು, ಬೇಲಿ, ತೋಪು, ಪೊದೆ ಒಂದಕ್ಕೊಂದು ಅಂಟಿಕೊಂಡಿವೆ. ಕೆಂಬೂತ ನಡೆದುಕೊಂಡೇ ನೆಂಟರ ಮನೆಗೆ ಹೋಗಬಹುದು. ರೆಕ್ಕೆ ಸಣ್ಣದಿದ್ದರೆ ಸಾಲದು, ನಡುವೆ ಆ ಹಕ್ಕಿ ಬದುಕಲಾರದ ಜಾಗ ಬೇಕು. ಬೆಟ್ಟದ ತುದಿಯ ತಂಪು ಕಾಡನ್ನೇ ನಂಬಿದ ಹಕ್ಕಿಗೆ ಕೆಳಗಿನ ಬಿಸಿ ಬಯಲು ಅಂಥ ಜಾಗ. ಅದರ ಪಾಲಿಗೆ ಬೆಟ್ಟವೆಂದರೆ ದ್ವೀಪ, ಕೆಳಗಿನ ಬಯಲು ಸಮುದ್ರ. ವಿಜ್ಞಾನಿಗಳೂ ಇಂಥ ಬೆಟ್ಟಗಳನ್ನು ಆಕಾಶದ ದ್ವೀಪ ಅಂತಲೇ ಕರೆಯುತ್ತಾರೆ. ಪೆರುವಿನಲ್ಲಿ ಮರಾನ್ಯೋನ್ ನದಿಯ ಒಣ ಕಣಿವೆ ಹೀಗೆ ಹಲವು ಹಕ್ಕಿಗಳಿಗೆ ಅಡ್ಡ ನಿಂತಿದೆ.

ಅಷ್ಟು ದೂರ ಯಾಕೆ, ನಮ್ಮ ದಕ್ಷಿಣಕ್ಕೇ ಬನ್ನಿ. ಮೈಸೂರಿನಿಂದ ಊಟಿಗೆ ಬಸ್ಸಿನಲ್ಲಿ ಹೋದರೆ ಬಂಡೀಪುರದ ಒಣ ಕಾಡು ಮುಗಿದು, ತಿರುವುಗಳು ಶುರುವಾಗಿ, ಪಕ್ಕದ ಸೀಟಿನವರು ಕಿಟಕಿ ಕಡೆ ಜಾಗ ಕೇಳಿ, ಆಮೇಲೆ ತಣ್ಣನೆ ಗಾಳಿ ಬರುತ್ತದೆ. ಅಲ್ಲಿಂದ ಶೋಲಾ ಕಾಡು. ಹುಲ್ಲುಗುಡ್ಡಗಳ ಮಡಿಕೆಗಳಲ್ಲಿ ಮಾತ್ರ ಉಳಿದುಕೊಂಡ, ಕುಳ್ಳ ಮರಗಳ, ಒಳಗೆ ಹೊಕ್ಕರೆ ಮಧ್ಯಾಹ್ನವೂ ಮಬ್ಬಾಗಿರುವ ಕಾಡು. ಅದರ ನೆಲದಲ್ಲಿ ಶೋಲಕಿಳಿ ಇರುತ್ತದೆ. ಕಿಳಿ ಅಂದರೆ ನಮ್ಮ ಕಿವಿಗೆ ಗಿಳಿ, ಆದರೆ ಇದು ಗಿಳಿಯಲ್ಲ. ಮಲಯಾಳದಲ್ಲಿ ಕಿಳಿ ಅಂದರೆ ಯಾವುದೇ ಪುಟ್ಟ ಹಕ್ಕಿ.

ದೊಡ್ಡಬೆಟ್ಟದ ರಸ್ತೆಯಲ್ಲಿ ಒಂದು ಟೀ ಅಂಗಡಿ ಹಿಂದೆ ನಾನು ಅದನ್ನು ಮೊದಲ ಸಲ ನೋಡಿದ್ದು. ಎರಡು ಗಂಟೆ ಕಾಡಿನ ಅಂಚಿನಲ್ಲಿ ಚಳಿಯಲ್ಲಿ ಕಾದು ಏನೂ ಸಿಗದೆ ಟೀ ಕುಡಿಯಲು ಬಂದಿದ್ದೆ. ಲೋಟ ತೊಳೆದ ನೀರು ಹರಿದು ಹೋಗುವ ಕಡೆ, ಒದ್ದೆ ಎಲೆಗಳ ಮೇಲೆ ಏನೋ ಕುಪ್ಪಳಿಸಿತು. ಮೊದಲು ಇಲಿ ಅಂದುಕೊಂಡೆ. ಮೇಲೆ ಮಸಿ ಕಲೆಸಿದಂಥ ನೀಲಿ, ಪಕ್ಕೆಗಳಲ್ಲಿ ಇಟ್ಟಿಗೆ ಬಣ್ಣ, ಹೊಟ್ಟೆ ನಡುವೆ ಬಿಳಿ. ಉದ್ದನೆ ಕಾಲು. ಒಂದು ಎಲೆಯನ್ನು ಕೊಕ್ಕಿನಿಂದ ಎತ್ತಿ ಪಕ್ಕಕ್ಕೆ ಎಸೆಯಿತು, ಕೆಳಗೆ ನೋಡಿತು, ಇನ್ನೊಂದು ಎಲೆ ಎತ್ತಿತು. ನನ್ನ ಶೂಗೂ ಅದಕ್ಕೂ ನಡುವೆ ನಾಲ್ಕು ಅಡಿ ಇತ್ತು ಅಷ್ಟೆ. ಅಂಗಡಿಯವರು ಒಂದು ಚೊಂಬು ನೀರು ಎರಚಿದಾಗಲೂ ಹಾರಲಿಲ್ಲ, ಎರಡು ಹೆಜ್ಜೆ ಸರಿದು ಜರಿಗಿಡದ ಕೆಳಗೆ ನಿಂತು, ಮತ್ತೆ ಬಂತು.

ಇದಕ್ಕೆ ಹಿಂದೆ ಇಂಗ್ಲಿಷಿನಲ್ಲಿ ಗಿಡ್ಡರೆಕ್ಕೆ ಅನ್ನುವ ಅರ್ಥದ ಹೆಸರಿತ್ತು. ರೆಕ್ಕೆ ನೋಡಿ ಹಿಮಾಲಯದ ಯಾವುದೋ ಹಕ್ಕಿಯ ಗುಂಪಿಗೆ ಸೇರಿಸಿದ್ದರು. ಆಮೇಲೆ ಇನ್ನೊಂದು ಗುಂಪು, ಮತ್ತೊಂದು ಗುಂಪು. ನೂರೈವತ್ತು ವರ್ಷ ಈ ಹಕ್ಕಿ ವಿಳಾಸ ಬದಲಿಸುತ್ತಲೇ ಇತ್ತು. 2017ರಲ್ಲಿ ವಿಜ್ಞಾನಿ ವಿ.ವಿ. ರಾಬಿನ್ ಮತ್ತು ಜೊತೆಗಾರರು ವಂಶವಾಹಿ ಪರೀಕ್ಷೆ ಮಾಡಿ, ಇದು ಹಿಮಾಲಯದ ಯಾವ ಗುಂಪಿಗೂ ಸೇರಿದ್ದಲ್ಲ, ಪಶ್ಚಿಮ ಘಟ್ಟದ ತನ್ನದೇ ಮನೆತನ ಅಂತ ತೋರಿಸಿದರು. ಅದಕ್ಕೆ ಶೋಲಿಕೋಲ ಅಂತ ಹೊಸ ಕುಲದ ಹೆಸರೂ ಬಂತು. ಅದರಲ್ಲಿ ಮೂರು ಜಾತಿ. ಪಾಲಕ್ಕಾಡು ಕಣಿವೆಯ ಬಡಗಲಿಗೆ ನೀಲಗಿರಿ ಕಡೆಯದು ಒಂದು. ಕಣಿವೆಯ ತೆಂಕಲಿಗೆ, ಆನೆಮಲೆ ಪಳನಿ ಬೆಟ್ಟಗಳಲ್ಲಿ ಪಕ್ಕೆಯ ಇಟ್ಟಿಗೆ ಬಣ್ಣ ಕಳೆದುಕೊಂಡದ್ದು ಇನ್ನೊಂದು. ಇನ್ನೂ ಕೆಳಗೆ, ಸೆಂಗೋಟೆ ಕಣಿವೆ ದಾಟಿದರೆ ಅಶಾಂಬು ಬೆಟ್ಟಗಳಲ್ಲಿ ಮೂರನೆಯದು. ಅದಕ್ಕೆ ಅದೇ 2017ರಲ್ಲಿ ಹೆಸರಾಯಿತು. ನಗುವ ಹಾಗೆ ಕೂಗುವ, ನಮ್ಮ ಹರಟೆಮಲ್ಲ ಹಕ್ಕಿಗಳ ದೂರದ ನೆಂಟರ ಒಂದು ಗುಂಪೂ ಇದೇ ಬೆಟ್ಟಗಳಲ್ಲಿ ಹೀಗೇ ನಾಲ್ಕಾಗಿ ಒಡೆದಿದೆ. ಅವಕ್ಕೂ ಅದೇ ವರ್ಷ ಮಾಂಟೆಸಿಂಕ್ಲಾ ಅಂತ ಹೊಸ ಕುಲ ಕೊಟ್ಟರು.

ಪಾಲಕ್ಕಾಡು ಕಣಿವೆ ನಾವು ರೈಲಿನಲ್ಲಿ ನಿದ್ದೆ ಮಾಡಿಕೊಂಡೇ ದಾಟುವ ಜಾಗ. ಮೂವತ್ತು ನಲವತ್ತು ಕಿಲೋಮೀಟರ್ ಅಗಲ. ಎತ್ತರ ಸಮುದ್ರ ಮಟ್ಟದಿಂದ ಮುನ್ನೂರು ಮೀಟರ್ ಕೂಡ ಮುಟ್ಟುವುದಿಲ್ಲ. ಅದರ ಒಂದು ಕಡೆ 2,637 ಮೀಟರಿನ ದೊಡ್ಡಬೆಟ್ಟ, ಇನ್ನೊಂದು ಕಡೆ 2,695 ಮೀಟರಿನ ಆನೆಮುಡಿ. ಹೆಬ್ಬಾತಿಗೆ ಇದು ಅರ್ಧ ಗಂಟೆಯ ದಾರಿ. ಶೋಲಕಿಳಿಗೆ ಹತ್ತಾರು ಲಕ್ಷ ವರ್ಷವಾದರೂ ಮುಗಿಯದ ದಾರಿ. ಸೆಂಗೋಟೆ ಕಣಿವೆಯಂತೂ ಹತ್ತು ಕಿಲೋಮೀಟರೂ ಅಗಲವಿಲ್ಲ. ಅಷ್ಟಕ್ಕೇ ಬೇರೆ ಮನೆ ಮಾಡಿಕೊಂಡು ಕೂತಿದೆ ಅಂದರೆ ಎಂಥಾ ಹಟ ನೋಡಿ.

ಸೆಂಗೋಟೆ ಅನ್ನುವ ಹೆಸರು ಓದಿದ ಕೂಡಲೇ ನನಗೆ ಅಜ್ಜಿ ನೆನಪಾದರು. ಸಂಕೇತಿಗಳು ಶತಮಾನಗಳ ಹಿಂದೆ ಆ ಸೆಂಗೋಟೆಯ ಕಡೆಯಿಂದಲೇ ಹೊರಟು ಬಂದವರು ಅಂತ ಅವರಲ್ಲಿ ಹೇಳಿಕೆ ಇದೆ. ಆ ಊರಿನ ಹೆಸರೇ ಸಂಕೇತಿ ಆಯಿತು ಅಂತಲೂ ಹೇಳುತ್ತಾರೆ. ಬಂದವರು ಕನ್ನಡದ ನಡುವೆ ನೆಲೆ ನಿಂತರು. ಮನೆಯೊಳಗಿನ ಮಾತು ಮಾತ್ರ ತಮ್ಮದೇ ಇಟ್ಟುಕೊಂಡರು. ಇವತ್ತು ಆ ಮಾತು ತಮಿಳರಿಗೂ ಪೂರ್ತಿ ತಿಳಿಯದು, ಮಲಯಾಳಿಗಳಿಗೂ ತಿಳಿಯದು, ಕನ್ನಡ ಅದರೊಳಗೆ ಧಾರಾಳವಾಗಿ ಬೆರೆತಿದೆ. ಮತ್ತೆ ಅದರಲ್ಲೂ ಕೌಶಿಕದವರ ಮಾತೇ ಬೇರೆ, ಬೆಟ್ಟದಪುರದವರ ಮಾತೇ ಬೇರೆಯಂತೆ. "ನಮ್ಮಜ್ಜಿ ಕಾಲದಲ್ಲಿ ಅವರಿಗೂ ನಮಗೂ ಕೊಟ್ಟು ತರೋದು ಅಪರೂಪ," ಅಂದರು ಅಜ್ಜಿ. ಹಾಸನದ ಪಕ್ಕದ ಊರಿಗೂ ಪಿರಿಯಾಪಟ್ಟಣ ತಾಲ್ಲೂಕಿಗೂ ಎಷ್ಟು ದೂರ ಮಹಾ.

ಇದರ ಜೋಡಿ ಕಥೆ ನೀಲಗಿರಿಯಲ್ಲೇ ಇದೆ. ನಾಲ್ಕೈದು ಶತಮಾನದ ಹಿಂದೆ ಮೈಸೂರು ಸೀಮೆಯಿಂದ ಘಟ್ಟ ಹತ್ತಿ ಹೋದವರು ಬಡಗರು ಅನ್ನುತ್ತಾರೆ. ಬಡಗಲಿಂದ ಬಂದವರು ಬಡಗರು. ಅವರ ಮಾತು ಕೇಳಿದರೆ ಅರ್ಧ ನಮ್ಮದೇ ಅನ್ನಿಸುತ್ತದೆ, ಇನ್ನರ್ಧ ಕೈಗೆ ಸಿಗುವುದಿಲ್ಲ. 1930ರ ದಶಕದಲ್ಲಿ ಎಮಿನೋ ಅನ್ನುವ ಭಾಷಾ ವಿದ್ವಾಂಸ ಅಲ್ಲಿದ್ದು ಕೇಳಿ, ಇವರು ಸ್ವರಗಳನ್ನೇ ನಾಲಿಗೆ ಮಡಿಸಿ ಆಡುತ್ತಾರೆ ಅಂತ ದಾಖಲಿಸಿದರು. ಕನ್ನಡದಲ್ಲಿ ನಾವು ಟ, ಡ, ಳ ಇಂಥ ವ್ಯಂಜನಕ್ಕೆ ನಾಲಿಗೆ ಮಡಿಸುತ್ತೇವೆ, ಸ್ವರಕ್ಕಲ್ಲ. ಬೆಟ್ಟದ ಮೇಲೆ ಬೇರೆ ಉಳಿದದ್ದಕ್ಕೆ ಹಕ್ಕಿಗೆ ಬೇರೆ ಹಾಡು ಬಂದ ಹಾಗೇ ಇದು.

ಹೋಲಿಕೆಯನ್ನು ತುಂಬಾ ಎಳೆಯಬಾರದು, ಗೊತ್ತು. ಬಡಗರ ಹುಡುಗ ಮೈಸೂರಿಗೆ ಓದಲು ಬಂದರೆ ಮೂರು ತಿಂಗಳಲ್ಲಿ 'ಏನ್ ಗುರು' ಅನ್ನುತ್ತಾನೆ. ಮನುಷ್ಯರೆಲ್ಲ ಒಂದೇ ಜಾತಿ, ಮಾತು ಮತ್ತೆ ಬೆರೆಯುತ್ತದೆ. ಟಪಾಕುಲೊಗೆ ಆ ದಾರಿ ಇಲ್ಲ.

ಇನ್ನೊಂದು ವಿಷಯ. ಹಾರದ ಹಕ್ಕಿ ಆ ಬೆಟ್ಟಕ್ಕೆ ಹೋಗಿದ್ದಾದರೂ ಹೇಗೆ? ಬೆಟ್ಟ ಅಲ್ಲೇ ಇತ್ತು, ಕಾಡು ಓಡಾಡಿತು. ಭೂಮಿ ತಣ್ಣಗಾದಾಗ ತಂಪು ಕಾಡು ಬೆಟ್ಟದಿಂದ ಕೆಳಕ್ಕೆ ಇಳಿಯುತ್ತದೆ, ಕೆಲವು ಕಡೆ ಪಕ್ಕದ ಬೆಟ್ಟದ ಕಾಡಿನ ಜೊತೆ ಕೂಡಿಕೊಳ್ಳುತ್ತದೆ. ಆಗ ಹಕ್ಕಿ ನಡೆದೇ ಹೋಗಬಹುದು. ಮತ್ತೆ ಬಿಸಿಯಾದಾಗ ಕಾಡು ಮೇಲಕ್ಕೆ ಸರಿಯುತ್ತದೆ, ಹಕ್ಕಿಗಳೂ ಅದರ ಜೊತೆ ಹತ್ತಿ ಬೇರೆ ಬೇರೆ ತುದಿಗಳಲ್ಲಿ ಸಿಕ್ಕಿಕೊಳ್ಳುತ್ತವೆ. ನಮ್ಮಲ್ಲಿ ಚಳಿಯ ಜೊತೆ ಮಳೆಯ ಲೆಕ್ಕವನ್ನೂ ಸೇರಿಸಬೇಕು. ಒಣಗಿದ ಕಾಲದಲ್ಲಿ ಶೋಲಾ ಕುಗ್ಗಿ ಹುಲ್ಲು ಹಬ್ಬುತ್ತದೆ. ನೀಲಗಿರಿಯ ಜೌಗು ನೆಲದ ಮಣ್ಣನ್ನು ಪದರ ಪದರವಾಗಿ ತೆಗೆದು ನೋಡಿದವರಿಗೆ, ಕಳೆದ 20,000 ವರ್ಷಗಳಲ್ಲಿ ಕಾಡೂ ಹುಲ್ಲೂ ಹಲವು ಸಲ ಜಾಗ ಬದಲಿಸಿಕೊಂಡದ್ದು ಕಂಡಿದೆ.

ಬೆಟ್ಟದ ಮೇಲಿನ ಬದುಕಿಗೆ ಒಂದು ಕೆಟ್ಟ ಬದಿ ಇದೆ. ಬಿಸಿ ಹೆಚ್ಚಾದರೆ ಮೇಲೆ ಹತ್ತಬೇಕು, ತುದಿ ಬಂದ ಮೇಲೆ ಹತ್ತಲು ಏನೂ ಇಲ್ಲ. ಪೆರುವಿನ ಪಾಂಟಿಯಾಕೊಲ್ಲ ಅನ್ನುವ ಬೆಟ್ಟದಲ್ಲಿ 1985ರಲ್ಲಿ ಹಕ್ಕಿ ಲೆಕ್ಕ ಮಾಡಿದ್ದರು. 2017ರಲ್ಲಿ ಮತ್ತೆ ಹೋಗಿ ನೋಡಿದರೆ, ತುದಿಯಲ್ಲಿದ್ದ ಕೆಲವು ಜಾತಿಗಳು ಸಿಗಲೇ ಇಲ್ಲ. ಹಾರದವರಿಗೆ ಇನ್ನೊಂದು ಅಪಾಯ ಬೆಕ್ಕು. ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದಲ್ಲಿ ಹಾರಲು ಬಾರದ ಪುಟ್ಟ ಹಕ್ಕಿಯೊಂದಿತ್ತು. 1894ರ ಹೊತ್ತಿಗೆ ದೀಪಸ್ತಂಭ ಬಂತು, ಜೊತೆಗೆ ಬೆಕ್ಕುಗಳೂ ಬಂದವು. ಕೆಲವೇ ವರ್ಷಗಳಲ್ಲಿ ಹಕ್ಕಿ ಮುಗಿಯಿತು. ಒಂದೇ ಬೆಕ್ಕು ಇಡೀ ಜಾತಿಯನ್ನು ತಿಂದಿತು ಅಂತ ಕಥೆ ಕಟ್ಟಿದ್ದಾರೆ, ಅದು ಪಾಪ ಆ ಬೆಕ್ಕಿನ ಮೇಲೆ ಜಾಸ್ತಿ ಹೊರೆ. ಬೆಕ್ಕುಗಳು ಹಲವಿದ್ದವು. ಅದೇ ಬಳಗದ ಬಂಡೆ ರೆನ್ ಅನ್ನುವ ಹಕ್ಕಿ ಅಲ್ಲಿನ ದಕ್ಷಿಣ ದ್ವೀಪದ ಎತ್ತರದ ಕಲ್ಲುಗುಡ್ಡೆಗಳಲ್ಲಿ ಇನ್ನೂ ಇದೆ. ಹಾರಾಟ ಅಷ್ಟಕ್ಕಷ್ಟೆ, ಹಿಮ ಬಿದ್ದರೂ ಕೆಳಗೆ ಇಳಿಯುವುದಿಲ್ಲ.

ಮೊನ್ನೆ ಅಜ್ಜಿಗೆ ಫೋನಿನಲ್ಲಿ ಶೋಲಕಿಳಿಗಳ ಹಾಡು ಹಾಕಿ ಕೇಳಿಸಿದೆ. ಮೊದಲು ನೀಲಗಿರಿಯದು, ಆಮೇಲೆ ಅಶಾಂಬುವಿನದು. ಕಿವಿಗೆ ಹತ್ತಿರ ಹಿಡಿದುಕೊಂಡು, ಕಣ್ಣು ಮುಚ್ಚಿ ಕೇಳಿದರು. ಮೊಮ್ಮಗ ಒಳಗೆ ಟೀವಿ ಜೋರು ಮಾಡಿದಾಗ ಗದರಿಸಿದರು.

"ಎರಡನೇದು ಯಾವ ಕಡೆದೋ?"

"ಸೆಂಗೋಟೆಯಿಂದ ತೆಂಕಲಿಗೆ ಅಜ್ಜಿ."

"ಹಾಗಾದ್ರೆ ನಮ್ಮ ಕಡೇದೇ. ಇನ್ನೊಂದ್ಸಲ ಹಾಕು."